ನೀರು ಬೇಡದ ಟೊಮೆಟೊ ಗಿಡ

ಆ ಟೊಮೆಟೊ ಗಿಡ ಮೊಣಕಾಲಿಗಿಂತ ಎತ್ತರ ಬೆಳೆಯುವುದಿಲ್ಲ. ಕಾಪುವಿನ ಒಂದು ಹೊಯಿಗೆ ಅಂಗಳದ ಮರಳಿನಲ್ಲಿ, ಏಪ್ರಿಲ್ ಬಿಸಿಲಿನಲ್ಲಿ, ಅದು ನೀರಿಲ್ಲದೆ ಗೊಂಚಲು ಗೊಂಚಲು ಹಣ್ಣು ಬಿಟ್ಟದ್ದನ್ನು ನಾನೇ ನೋಡಿದ್ದೆ. ನನ್ನ ಸಹೋದ್ಯೋಗಿಯ ತಾಯಿ, ನಾವೆಲ್ಲ ಬಾಯಮ್ಮ ಎಂದು ಕರೆಯುವ ಕ್ರೈಸ್ತ ಅಜ್ಜಿ, ತನ್ನ ಅತ್ತೆಯ ಕಾಲದಿಂದ ಅದನ್ನು ಉಳಿಸಿಕೊಂಡು ಬಂದವರು. ಈಗ ಅವರ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸುತ್ತಿದ್ದರು, ಗಿಡಕ್ಕೆ ಜಾಗವಿರಲಿಲ್ಲ. ಪೇಪರ್ ತುಂಡಿಗೆ ಅಂಟಿಸಿ ಒಣಗಿಸಿದ್ದ ಹನ್ನೆರಡು ಬೀಜಗಳನ್ನು, ಉಳಿದಿದ್ದದ್ದೇ ಅಷ್ಟು, ನನ್ನ ಕೈಗೆ ಕೊಟ್ಟರು.

"ಪಾಪ ಅಂತ ನೀರು ಹಾಕ್ಬೇಡಿ ಮಾರಾಯ್ರೆ, ಬುಡ ಕೊಳೀತದೆ. ಮೊದಲ ಹಣ್ಣಿನ ಬೀಜ ನನಗೆ ವಾಪಸ್ ಬೇಕು."

ಅಲೆವೂರಿನ ನಮ್ಮ ಹಿತ್ತಲಲ್ಲಿ ಹನ್ನೆರಡೂ ಮೊಳೆತವು. ಆದರೆ ನೀರು ಹಾಕಬೇಡಿ ಎಂದು ನಮ್ಮ ಮನೆಯಲ್ಲಿ ಯಾರಿಗೆ ಹೇಳುವುದು? ಅಕ್ಕಿ ತೊಳೆದ ನೀರಾಗಲಿ, ಮೀನು ತೊಳೆದ ನೀರಾಗಲಿ, ಸುಮ್ಮನೆ ಚೆಲ್ಲಿ ಗೊತ್ತಿಲ್ಲದ ಮನೆ. ಎಲ್ಲವೂ ಯಾವುದಾದರೊಂದು ಗಿಡದ ಬುಡಕ್ಕೇ. ನಾನು ಕೆಲಸಕ್ಕೆಂದು ಮಣಿಪಾಲದ ಬಸ್ಸು ಹತ್ತುವುದೇ ತಡ, ನನ್ನ ಅತ್ತೆ ಪಾತ್ರೆ ಹಿಡಿದು ಹೊರಡುತ್ತಿದ್ದರು. ಹೇಳಿ ಹೇಳಿ ನನ್ನ ಗಂಟಲು ಒಣಗಿತೇ ಹೊರತು ಗಿಡದ ಬುಡ ಒಣಗಲಿಲ್ಲ.

"ಬಾಡಿದ್ದು ಕಣ್ಣಿಗೆ ಕಾಣ್ತದಲ್ಲ ಮಾರಾಯ್ತಿ, ನೋಡಿಕೊಂಡು ಹೇಗೆ ಇರುವುದು?"

ಹನ್ನೊಂದು ಗಿಡ ಒಂದರ ಹಿಂದೊಂದು ಕೊಳೆತು ಬಿದ್ದವು. ನನಗೆ ಮೈಯೆಲ್ಲ ಉರಿದುಹೋಯಿತು. "ಇನ್ನು ನೀವು ಆ ಕಡೆ ಹೋಗಲೇಬೇಡಿ" ಎಂದು ಅತ್ತೆಯ ಮುಖಕ್ಕೇ ಹೇಳಿಬಿಟ್ಟೆ. ಅವರು ಮತ್ತೆ ಹೋಗಲಿಲ್ಲ.

ಉಳಿದ ಒಂದೇ ಗಿಡದಲ್ಲಿ ನೆಲ್ಲಿಕಾಯಿ ಗಾತ್ರದ ಮೂರು ಕಾಯಿ ಬಂದವು. ಒಂದು ಭಾನುವಾರ ಮಧ್ಯಾಹ್ನ ನೋಡಿದರೆ ಎಲೆಗಳೆಲ್ಲ ಜೋತುಬಿದ್ದಿವೆ. ಬಿಸಿಲಿಗೆ ಜೋಲುತ್ತವೆ, ಸಂಜೆಗೆ ಏಳುತ್ತವೆ ಎಂದು ಬಾಯಮ್ಮ ಹೇಳಿದ್ದು ನೆನಪಿತ್ತು. ಆದರೂ ತಡೆಯಲಾಗಲಿಲ್ಲ. ಬಾವಿಯಿಂದ ಒಂದು ಕೊಡ ಸೇದಿ ಸುರಿದೆ. ಮರುದಿನ ಇನ್ನೊಂದು. ವಾರದೊಳಗೆ ಬುಡ ಕಪ್ಪಾಗಿ ಗಿಡ ಅಡ್ಡಬಿತ್ತು. ಬೀಜ ಬಲಿಯದ ಮೂರು ಹಸಿರು ಕಾಯಿ ನೆಲ ಕಂಡವು.

ಅದೇ ಸಂಜೆ ಬಾಯಮ್ಮನ ಫೋನು ಬಂತು. "ಹಣ್ಣಾಯ್ತಾ? ಯಾರೂ ನೀರು ಹಾಕಿಲ್ಲ ಅಲ್ವಾ?"

"ಎಲ್ಲ ಹೋಯ್ತು ಬಾಯಮ್ಮ. ಅತ್ತೆ ನೀರು ಹಾಕಿದ್ರು" ಎಂದೆ.

ಅತ್ತೆ ಅಲ್ಲೇ ಹಿಂಬಾಗಿಲ ಮೆಟ್ಟಿಲಲ್ಲಿ ಕುಳಿತು ಬಂಗುಡೆ ಮೀನು ಕೊಯ್ಯುತ್ತಿದ್ದರು. ಆ ಭಾನುವಾರ ನಾನು ಕೊಡ ಸುರಿದದ್ದನ್ನು ಅವರು ಅದೇ ಮೆಟ್ಟಿಲಿನಿಂದ ನೋಡಿದ್ದರು. ಈಗ ಕೊಯ್ದ ಮೀನನ್ನು ತೊಳೆದರು. ಮೀನು ತೊಳೆದ ನೀರನ್ನು, ನಾನು ಹೋಗಬೇಡಿ ಎಂದಿದ್ದ ಕಡೆ ಬಿಟ್ಟು, ಸುತ್ತು ಬಳಸಿ ತೆಂಗಿನ ಬುಡಕ್ಕೆ ಒಯ್ದು ಹಾಕಿದರು.