ಹಿಂದಿನ ಸೀಲು

ಕರಬಸಪ್ಪ ಚಿಕ್ಕೇರೂರಿನ ಟ್ರ್ಯಾಕ್ಟರ್ ಮಿಸ್ತ್ರಿ. ವಯಸ್ಸು ಐವತ್ತಾರು. ಹಾನಗಲ್ಲಿನಲ್ಲಿ ಹನ್ನೆರಡು ವರ್ಷ ಕೆಲಸ ಕಲಿತು, ಊರಿಗೆ ಮರಳಿ ತಗಡಿನ ಶೆಡ್ ಹಾಕಿಕೊಂಡವನು. ಎಣ್ಣೆ ಸೋರುವ ಇಂಜಿನ್ ಇದ್ದರೆ ಹಿರೇಕೆರೂರಿನವರೂ ಅವನ ಹತ್ತಿರವೇ ತರುತ್ತಿದ್ದರು. ಎಣ್ಣೆ ಹನಿಯುವ ಜಾಗ ನೋಡಿ ಅವನು ರೋಗ ಹೇಳುತ್ತಿರಲಿಲ್ಲ. ಮೊದಲು ಇಂಜಿನ್ನನ್ನು ಡೀಸೆಲ್‌ನಿಂದ ತೊಳೆದು, ಒಣಗಿಸಿ, ಅರ್ಧ ತಾಸು ಓಡಿಸಿ, ಆಮೇಲೆ ಬ್ಯಾಟರಿ ದೀಪ ಹಿಡಿದು ಕೆಳಗೆ ಮಲಗುತ್ತಿದ್ದ. ಎಣ್ಣೆ ಮೇಲಿನಿಂದ ಇಳಿದು ಬರುತ್ತದೋ, ಕ್ರ್ಯಾಂಕಿನ ಹಿಂದಿನ, ಎಣ್ಣೆ ತಡೆಯುವ ರಬ್ಬರ್ ಸೀಲಿನಿಂದಲೇ ಬರುತ್ತದೋ ಆಗ ಗೊತ್ತಾಗುತ್ತದೆ.

ಹೋದ ವರ್ಷ ಗೋವಿನಜೋಳದ ಸುಗ್ಗಿಯಲ್ಲಿ ಒಂದು ದಿನ ಅವನು ಹಾಗೆ ಮಾಡಲಿಲ್ಲ.

ಆಡೂರಿನ ಗುದ್ಲೆಪ್ಪನ ಟ್ರ್ಯಾಕ್ಟರನ್ನು ಡ್ರೈವರ್ ಭರಮಪ್ಪ ತಂದಿದ್ದ. ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ, ತಳದ ತೂತಿನಿಂದ ಎಣ್ಣೆ ಬೀಳುತ್ತಿತ್ತು.

"ದಿಬ್ಬ ಹತ್ತಾಗ ಕ್ಲಚ್ ಜಾರಿದಂಗ ಆಗತೈತ್ರಿ, ಮಿಸ್ತ್ರಿ" ಎಂದ ಭರಮಪ್ಪ.

ಶೆಡ್ಡಿನ ಮುಂದೆ ಇನ್ನೂ ಮೂರು ಗಾಡಿ ನಿಂತಿದ್ದವು. ಹಿಂದಿನ ಸೀಲು ಬದಲಿಸಬೇಕೆಂದರೆ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಮಾಡಬೇಕು. ಎರಡು ದಿನದ ಕೆಲಸ. ಇಂಜಿನ್ನಿನ ಮೇಲಿನ ಮುಚ್ಚಳದ ಅಂಚು ಹಸಿಯಾಗಿತ್ತು. ಅಲ್ಲಿಯ ಎಣ್ಣೆಯೇ ಇಳಿಯುತ್ತಿರಬೇಕು ಎಂದುಕೊಂಡು ಆ ಪ್ಯಾಕಿಂಗ್ ಬದಲಿಸಿದ, ಬಟ್ಟೆಯಿಂದ ಒರೆಸಿದ.

"ಏನ ಆಗಂಗಿಲ್ಲ, ಒಯ್ಯಿ" ಎಂದ.

ನಾಲ್ಕನೆಯ ದಿನ ಮಧ್ಯಾಹ್ನ ಜೋಳದ ಚೀಲ ತುಂಬಿದ ಟ್ರೇಲರ್ ಎಳೆದುಕೊಂಡು ದಿಬ್ಬ ಹತ್ತುವಾಗ ಕ್ಲಚ್ ಪೂರ್ತಿ ಜಾರಿತು. ಇಂಜಿನ್ ಅಬ್ಬರಿಸಿತು, ಗಾಲಿ ಮುಂದೆ ಹೋಗಲಿಲ್ಲ. ಬ್ರೇಕ್ ಆ ಭಾರ ತಡೆಯಲಿಲ್ಲ. ಹಿಂದೆ ಸರಿದ ಟ್ರೇಲರ್ ಮಗುಚಿತು. ಜಿಗಿಯಲು ಹೋದ ಭರಮಪ್ಪನ ಬಲಗಾಲು ಅದರ ಕೆಳಗೆ ಸಿಕ್ಕಿತು. ಹುಬ್ಬಳ್ಳಿಗೆ ಒಯ್ದರು, ಮೊಣಕಾಲಿನ ಮೇಲೆ ಕತ್ತರಿಸಬೇಕಾಯಿತು.

ತಿಂಗಳ ಮೇಲೆ, ಪೊಲೀಸರು ಬಿಟ್ಟುಕೊಟ್ಟ ಟ್ರ್ಯಾಕ್ಟರ್ ಮತ್ತೆ ಶೆಡ್ಡಿಗೆ ಬಂತು. ಜೊತೆಗೆ ಬಂದ ಗುದ್ಲೆಪ್ಪ, "ಕುಡದ ಹೊಡದಾನ. ಪೊಲೀಸ್ರ ಮುಂದನೂ ಹಂಗ ಹೇಳೇನಿ" ಎಂದ.

ಅವನು ಹೋದ ಮೇಲೆ ಕರಬಸಪ್ಪ ಒಬ್ಬನೇ ಟ್ರ್ಯಾಕ್ಟರ್ ಬಿಚ್ಚಿದ. ಕ್ಲಚ್ ಪ್ಲೇಟು ಎಣ್ಣೆಯಲ್ಲಿ ನೆನೆದು ಕಪ್ಪಾಗಿತ್ತು. ಅದರ ಹಿಂದೆ ಸೀಲಿನ ರಬ್ಬರ್ ತುಟಿ ಒಣಗಿ ಸೀಳಿತ್ತು. ಇಂಜಿನ್ ಉಸಿರು ಬಿಡುವ ಕೊಳವೆ ಮಣ್ಣು ಕಟ್ಟಿ ಮುಚ್ಚಿತ್ತು. ಒಳಗಿನ ಒತ್ತಡವೆಲ್ಲ ಸೀಲನ್ನು ಹೊರಗೆ ನೂಕಿತ್ತು. ಪಾನಾ ಕೆಳಗಿಟ್ಟ.

ಬುತ್ತಿ ತಂದ ಹೆಂಡತಿ ಸರೋಜವ್ವ ಎಲ್ಲ ಕೇಳಿ, "ಇದನ್ನ ಯಾರೂ ನೋಡಿಲ್ಲಲ್ಲ" ಎಂದಳು, ದನಿ ತಗ್ಗಿಸಿ.

"ಜಾರತೈತಿ ಅಂತ ಬಾಯಿ ಬಿಟ್ಟ ಹೇಳಿದ್ದ ಅಂವಾ. ನಾ ಕಿವ್ಯಾಗ ಹಾಕ್ಕೊಳ್ಳಲಿಲ್ಲ."

ಬುತ್ತಿ ಬಿಚ್ಚದೆ ಉಳಿಯಿತು.

ಮರುದಿನ ಹಳೆಯ ಸೀಲು ಮತ್ತು ಕ್ಲಚ್ ಪ್ಲೇಟು ಚೀಲಕ್ಕೆ ಹಾಕಿಕೊಂಡು ಹಾನಗಲ್ ಠಾಣೆಗೆ ಹೋಗಿ, ಡ್ರೈವರ್ ಹೇಳಿದ್ದನ್ನೂ ತಾನು ಪರೀಕ್ಷೆ ಮಾಡದೆ ಬಿಟ್ಟದ್ದನ್ನೂ ಬರೆದುಕೊಟ್ಟ. ಅಲ್ಲಿಂದ ಆಡೂರಿಗೆ. ಭರಮಪ್ಪನ ಹೆಂಡತಿ ಹೊಳೆವ್ವ ಬಾಗಿಲಲ್ಲಿ ನಿಂತಳೇ ಹೊರತು ಕುಂದರ್ರಿ ಅನ್ನಲಿಲ್ಲ.

"ಕುಡದಿದ್ದ ಅಂತ ಊರೆಲ್ಲಾ ಅಂದ್ರು" ಎಂದ, ಆಸ್ಪತ್ರೆಯಿಂದ ಬಂದು ಮಂಚ ಹಿಡಿದಿದ್ದ ಭರಮಪ್ಪ.

"ಠಾಣೆದಾಗ ಬರದ ಕೊಟ್ಟ ಬಂದೇನಿ, ತಪ್ಪ ನಂದ ಅಂತ."

ಭರಮಪ್ಪ ಗೋಡೆಯ ಕಡೆ ಹೊರಳಿದ. "ಚೊಲೋ ಆತು. ಇನ್ನ ಬರಬ್ಯಾಡ್ರಿ."

ಕರಬಸಪ್ಪ ಶೆಡ್ಡಿಗೆ ಮರಳಿ ಕೊಳವೆಯ ಮಣ್ಣು ಬಿಡಿಸಿ, ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಸುತ್ತಲೂ ಒಂದೇ ಸಮ ತಟ್ಟಿ ಕೂಡಿಸಿದ. ಹೊಸ ಕ್ಲಚ್ ಪ್ಲೇಟು ಹಾಕಿ ಟ್ರ್ಯಾಕ್ಟರ್ ಜೋಡಿಸಿ, ತೊಳೆದು, ಅರ್ಧ ತಾಸು ಓಡಿಸಿದ. ಒಂದು ಹನಿಯೂ ಬೀಳಲಿಲ್ಲ. ಗುದ್ಲೆಪ್ಪ ಬೇರೆ ಡ್ರೈವರನ್ನು ಕಳಿಸಿ ತರಿಸಿಕೊಂಡ. ಆಮೇಲೆ ಅತ್ತ ಬರಲಿಲ್ಲ. ಬೇರೆಯವರೂ ಕಡಿಮೆಯಾದರು.

ಭರಮಪ್ಪನ ಮೇಲಿನ ಆರೋಪ ಹೋಯಿತು. ಕರಬಸಪ್ಪನ ಮೇಲಿನ ಕೇಸು ಹಾನಗಲ್ಲಿನ ಕೋರ್ಟಿನಲ್ಲಿ ಇನ್ನೂ ನಡೆದಿದೆ. ಒಂದು ದಿನ ಸಾಕ್ಷಿ ಹೇಳಲು ಭರಮಪ್ಪ ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡು ಬಂದಿದ್ದ. ಅಂದು ಸಂಜೆ ಇಬ್ಬರೂ ಹೋಗಬೇಕಾದದ್ದು ಒಂದೇ ಬಸ್ಸಿಗೆ. ಹೊಳೆವ್ವ ಗಂಡನನ್ನು ಹಿಡಿದು ಹತ್ತಿಸುವಾಗ ಕರಬಸಪ್ಪ ಕೈ ಕೊಡಲೆಂದು ಎರಡು ಹೆಜ್ಜೆ ಮುಂದೆ ಹೋಗಿ ನಿಂತ. ಭರಮಪ್ಪ ಅವನತ್ತ ನೋಡಲಿಲ್ಲ. ಬಸ್ಸು ಹೊರಟಿತು, ಕರಬಸಪ್ಪ ಮುಂದಿನ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕುಳಿತ.