ಕೊನೆಯ ಮನೆಯಿಂದ ಮೊದಲ ಮನೆಗೆ

ಸೇಲಂ, ಧರ್ಮಪುರಿ ಜಿಲ್ಲೆಗಳ ಕೇಬಲ್ ಟಿವಿಯ ಚರಿತ್ರೆಯನ್ನು ಯಾರಾದರೂ ಮನಸ್ಸಿಟ್ಟು ಬರೆಯುವುದಾದರೆ, ಶ್ರೀ ಚಿಕ್ಕಣ್ಣನವರ ಹೆಸರು ಅದರ ಮೊದಲ ಪುಟದಲ್ಲೇ ಬರಬೇಕು. ಡಿಶ್ಶುಗಳ ಕಾಲದಿಂದ ಫೈಬರಿನ ಕಾಲದವರೆಗೆ ಉಪಕರಣಗಳು ಎರಡು ಸಲ ಬುಡಸಮೇತ ಬದಲಾದವು. ಬದಲಾಯಿಸಿದ ಕೈ ಮಾತ್ರ ಒಂದೇ. ಓಮಲೂರು ಸುತ್ತಿನ ಹದಿನೇಳು ಆಪರೇಟರುಗಳ ಕೂಟಕ್ಕೆ ಮುಖ್ಯ ತಂತ್ರಜ್ಞರಾಗಿ ಮೂವತ್ತೆರಡು ವರ್ಷ ದುಡಿದ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಕೈಕೆಳಗೆ ಹನ್ನೊಂದು ವರ್ಷ ಕೆಲಸ ಕಲಿತ ನನಗೆ ಈ ಅಭಿನಂದನಾ ಸಂಪುಟದಲ್ಲಿ ನಾಲ್ಕು ಮಾತು ಬರೆಯುವ ಅವಕಾಶ ಸಿಕ್ಕಿದ್ದು ಹೆಮ್ಮೆಯ ಸಂಗತಿ. ಹೊಗಳಿಕೆ ಅವರಿಗೆ ಆಗಿಬರುವುದಿಲ್ಲವೆಂದು ಬಲ್ಲೆ. ಆದರೆ ಅಚ್ಚಾದ ಮೇಲೆ ಅವರೇನು ಮಾಡಿಯಾರು!

ಪಾಪಿರೆಡ್ಡಿಪಟ್ಟಿ ಕಡೆಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ರೇಡಿಯೋ ರಿಪೇರಿ ಕಲಿತು, 1993ರಲ್ಲಿ ಓಮಲೂರಿನ ಒಂದು ಮಹಡಿಯ ಮೇಲೆ ಮೊದಲ ಡಿಶ್ಶನ್ನು ನಿಲ್ಲಿಸಿದವರು ಅವರು. ಆಗ ಕಂಬದಿಂದ ಕಂಬಕ್ಕೆ ದಪ್ಪ ಕೇಬಲ್ಲು, ನಡುನಡುವೆ ಸಿಗ್ನಲ್ಲನ್ನು ಎತ್ತಿಕೊಡಲು ಆಂಪ್ಲಿಫೈಯರು. ಎಷ್ಟು ಎತ್ತಿಕೊಟ್ಟರೂ ದೂರ ಹೋದಂತೆಲ್ಲ ಚಿತ್ರ ಹಾಳಾಗುತ್ತಿತ್ತು. ಊರೊಳಗಿನವರು ಸ್ವಚ್ಛವಾದ ಚಿತ್ರ ನೋಡುತ್ತಿದ್ದಾಗ, ಕಡಯಂಪಟ್ಟಿಯಾಚೆ ಗುಡ್ಡದ ಬುಡದಲ್ಲಿ ಕುರಿ ಸಾಕಿಕೊಂಡಿರುವ ಲಕ್ಷ್ಮಮ್ಮನವರ ಮನೆಯಲ್ಲಿ ಬರೀ ಚುಕ್ಕೆಗಳು. ಚಿಕ್ಕಣ್ಣನವರು ಅಂದೇ ಒಂದು ನೇಮ ಹಾಕಿಕೊಂಡರು: ಯಾವ ಉಪಕರಣ ಬದಲಾಯಿಸಿದರೂ ಲೈನಿನ ಕೊನೆಯ ಮನೆಗೆ ಹೋಗಿ, ಅಲ್ಲಿ ಚಿತ್ರ ಚೆನ್ನಾಗಿ ಕಂಡ ಮೇಲೆಯೇ ಕೆಲಸ ಮುಗಿಯಿತೆನ್ನುವುದು. ಲಕ್ಷ್ಮಮ್ಮನವರ ಮನೆಯ ನೀರುಮಜ್ಜಿಗೆಯನ್ನು ಅವರಷ್ಟು ಕುಡಿದವರು ಆ ಮನೆಯವರಲ್ಲೂ ಇಲ್ಲ.

2014ರಲ್ಲಿ ಡಿಪ್ಲೊಮಾ ಮುಗಿಸಿ ನಾನು ಕೆಲಸಕ್ಕೆ ಸೇರಿದಾಗ, ಹೆಣ್ಣುಮಗಳು ಲೈನಿಗೆ ಬಂದರೆ ಏನಾದೀತೋ ಎಂದು ಆಪರೇಟರುಗಳು ಗೊಣಗಿದರು. ಚಿಕ್ಕಣ್ಣನವರು ವಾದಕ್ಕೆ ಹೋಗಲಿಲ್ಲ. ತಾವು ಯಾರಿಗೂ ಮುಟ್ಟಗೊಡದಿದ್ದ, ಸಿಗ್ನಲ್ ಅಳೆಯುವ ಮೀಟರನ್ನು ಎಲ್ಲರೆದುರು ನನ್ನ ಕೈಗಿಟ್ಟು, "ಮೀಟ್ರು ಯಾರ್ ಕೈನಾಗಿದ್ರೂ ಒಂದೇ ನಂಬರ್ ತೋರುಸ್ತೈತೆ. ನೀ ನಡಿಯಮ್ಮ ರೋಜಾ," ಎಂದರು. ಅಂದು ನನ್ನ ಕಣ್ಣು ತುಂಬಿತ್ತು. ಈ ಸಾಲು ಬರೆಯುವಾಗಲೂ ತುಂಬುತ್ತಿದೆ.

ಡಿಜಿಟಲ್ ಬಂದು ಮನೆಮನೆಗೂ ಸೆಟ್‌ಟಾಪ್ ಬಾಕ್ಸ್ ಇಡಬೇಕಾದ ವರ್ಷ ಅವರು ಓಡಾಡಿದ್ದನ್ನು ಬರೆದರೆ ಈ ಸಂಪುಟ ಸಾಲದು. ಆದರೆ ನಾನು ಹೇಳಲೇಬೇಕಾದದ್ದು 2022ರ ಫೈಬರ್ ಬದಲಾವಣೆಯ ಕಥೆ. ಅಷ್ಟು ಹೊತ್ತಿಗೆ ಒಂದು ದೊಡ್ಡ ಕಂಪನಿ ನಮ್ಮ ಆಪರೇಟರುಗಳನ್ನು ಒಬ್ಬೊಬ್ಬರನ್ನಾಗಿ ತನ್ನ ಕಡೆಗೆ ಕರೆಯುತ್ತಿತ್ತು. ಹಳೆಯ ಕೇಬಲ್ ತೆಗೆದು ನಾವೇ ಫೈಬರ್ ಎಳೆಯಬಲ್ಲೆವೆಂದು ಚಿಕ್ಕಣ್ಣನವರು ಮಾತು ಕೊಟ್ಟರು. ಓಮಲೂರಿನಿಂದ ಲಕ್ಷ್ಮಮ್ಮನವರ ಮನೆಯವರೆಗಿನ ಲೈನಿನಲ್ಲಿ ಒಂದು ವಾರದ ಪರೀಕ್ಷೆ. ಅದು ಗೆದ್ದರೆ ಕೂಟ ಉಳಿಯುತ್ತದೆ, ಸೋತರೆ ಎಲ್ಲರೂ ತಮ್ಮ ತಮ್ಮ ಲೈನು ಕಂಪನಿಗೆ ಒಪ್ಪಿಸುತ್ತಾರೆ.

ಹೊಸ ವ್ಯವಸ್ಥೆಯಲ್ಲಿ ಕಂಬದ ಮೇಲೆ ಆಂಪ್ಲಿಫೈಯರುಗಳಿಲ್ಲ. ಓಮಲೂರಿನ ಕಂಟ್ರೋಲ್ ರೂಮಿನಿಂದ ಹೊರಟ ಬೆಳಕು ಗಾಜಿನ ತೆಳ್ಳನೆಯ ಎಳೆಯಲ್ಲಿ ಹರಿದು, ಕಪ್ಲರುಗಳೆಂಬ ಸಣ್ಣ ತುಂಡುಗಳಲ್ಲಿ ಪಾಲಾಗುತ್ತ ಮನೆ ಸೇರಬೇಕು. ಚಿಕ್ಕಣ್ಣನವರು ತಮ್ಮ ನೇಮದಂತೆ ಲಕ್ಷ್ಮಮ್ಮನವರ ಮನೆಗೆ ಧಾರಾಳವಾಗಿ ಮುಟ್ಟುವಷ್ಟು ಬೆಳಕನ್ನು ಏರಿಸಿದರು, ಅಲ್ಲಿಗೇ ಹೋಗಿ ನೋಡಿದರು, ಚಿತ್ರ ಕನ್ನಡಿಯಂತಿತ್ತು. ಆದರೆ ಮರುದಿನದಿಂದಲೇ ಓಮಲೂರಿನೊಳಗೆ ದೂರುಗಳು: ಚಿತ್ರ ಚೂರಾಗುತ್ತದೆ, ನಿಂತುಬಿಡುತ್ತದೆ. ಕೊನೆಯ ಮನೆಯಲ್ಲಿ ಸರಿಯಿದ್ದ ಮೇಲೆ ಊರೊಳಗೆ ಸರಿಯಿಲ್ಲದಿರುವುದು ಹೇಗೆ? ಬಾಕ್ಸುಗಳೇ ಕೆಟ್ಟಿರಬೇಕೆಂದು ಅವರು ಮತ್ತೆ ಮತ್ತೆ ಗುಡ್ಡದ ಬುಡಕ್ಕೆ ಹೋಗಿ ಅಳೆದರು. ಐದು ದಿನ ಕಳೆಯಿತು.

ಆರನೆಯ ದಿನ ಮೀಟರಿನ ಚಾರ್ಜರ್ ತರಲು ನಾನು ಅವರ ಮನೆಗೆ ಹೋದೆ. ಕಂಟ್ರೋಲ್ ರೂಮಿನ ಗೋಡೆಗೆ ಅಂಟಿಕೊಂಡ ಮನೆ. ಅವರ ಮಡದಿ ಚಿನ್ನಕ್ಕ ನನ್ನನ್ನು ಕಂಡದ್ದೇ ತಡ ಶುರುಮಾಡಿದರು: "ಊರಿಗೆಲ್ಲಾ ಟಿವಿ ಕೊಡೋರ ಮನೆನಾಗೇ ಐದ್ ದಿನದಿಂದ ಪಡಂ ಚೂರ್ ಚೂರಾಗಿ ನಿಂತೈತೆ. ಏಳಿದ್ರೆ ಬಾಕ್ಸ್ ಸರಿಯಿಲ್ಲ ಅಂದ್ಬಿಟ್ಟು ಲಕ್ಷ್ಮಮ್ಮನ ಮನೆಗೆ ಓಗ್ತಾರೆ. ನಮ್ಮನೆಗೂ ಒಂದ್ ದಿನ ಬರಕ್ಕೇಳಮ್ಮ!"

ನಗುತ್ತಲೇ ಅವರ ಮನೆಯ ಫೈಬರಿಗೆ ಮೀಟರ್ ಹಚ್ಚಿದೆ. ನಗು ನಿಂತಿತು. ಬಾಕ್ಸ್ ತಾಳುವುದಕ್ಕಿಂತ ಎಷ್ಟೋ ಹೆಚ್ಚು ಬೆಳಕು ಆ ಮನೆಗೆ ನುಗ್ಗುತ್ತಿತ್ತು. ಹಳೆಯ ಕೇಬಲಿನಲ್ಲಿ ಕೊನೆಯ ಮನೆ ಗೆದ್ದರೆ ಎಲ್ಲ ಗೆದ್ದಂತೆ. ಫೈಬರಿನಲ್ಲಿ ಕೊನೆಯ ಮನೆಗಾಗಿ ಏರಿಸಿದ ಬೆಳಕು ಮೊದಲ ಮನೆಗಳ ಕಣ್ಣು ಕುಕ್ಕುತ್ತಿತ್ತು. ಮೂವತ್ತು ವರ್ಷದ ನೇಮವೇ ದಾರಿ ತಪ್ಪಿಸಿತ್ತು. ಇದನ್ನು ಗುರುಗಳಿಗೆ ಹೇಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ. ಕೊನೆಗೆ ಅವರನ್ನು ಆ ಮನೆಗೇ ಕರೆತಂದು ಮೀಟರನ್ನು ಅವರ ಕೈಗಿಟ್ಟೆ. ಅವರು ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. "ಸರಿಯಾಗೇ ತೋರುಸ್ತಾ ಐತೆ," ಎಂದಷ್ಟೇ ಹೇಳಿ ಸಲಕರಣೆಯ ಚೀಲ ಎತ್ತಿಕೊಂಡರು. ಹತ್ತಿರದ ಮನೆಗಳಿಗೆ ಸಣ್ಣ ಪಾಲು ಹೋಗುವಂತೆ ಕಪ್ಲರುಗಳನ್ನು ಬದಲಾಯಿಸಲು ನಮಗೆ ಒಂದು ಹಗಲು ಸಾಕಾಯಿತು.

ಏಳನೆಯ ದಿನ ಸಭೆ. ಬಾಕ್ಸುಗಳ ಮೇಲೆ ತಪ್ಪು ಹೊರಿಸಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಚಿಕ್ಕಣ್ಣನವರು ಎದ್ದು ನಿಂತು ಹೇಳಿದರು: "ತಪ್ಪು ನಂದೇ. ಕೊನೇ ಮನೆ ನೋಡ್ದೆ, ಮೊದಲ್ನೇ ಮನೆ ನೋಡ್ಲಿಲ್ಲ. ಕಂಡಿಡ್ದೋಳು ರೋಜಾ. ಇನ್‌ಮೇಲೆ ಎರಡು ಮನೇನೂ ನೋಡೇ ಲೈನ್ ಕೊಡ್ತೀವಿ."

ಕಂಪನಿಯ ಒಪ್ಪಂದದ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದ ಆಪರೇಟರ್ ಶಿವರಾಮ, "ತಪ್ಪು ಅಂತ ಒಪ್ಕೊಳ್ಳೋ ಇಂಜಿನಿಯರ್ನ ನಾ ಕಂಡೇ ಇಲ್ಲ. ನನ್ ಲೈನ್ ಇಲ್ಲೇ ಇರ್ಲಿ, ಪರವಾಗಿಲ್ಲ," ಎಂದರು. ಉಳಿದವರೂ ಉಳಿದರು. ಇಂದು ಹದಿನೇಳೂ ಲೈನುಗಳು ಫೈಬರಿನಲ್ಲಿ ನಡೆಯುತ್ತಿವೆ, ಹದಿನೇಳೂ ನಮ್ಮ ಕೂಟದಲ್ಲೇ ಇವೆ. ನನಗೆ ಅವರ ವಿದ್ಯೆಯ ಮೇಲೆ ಮೊದಲಿನಿಂದಲೂ ಗೌರವವಿತ್ತು; ಅವರ ಶಿಷ್ಯೆ ಎಂದು ತಲೆಯೆತ್ತಿ ಹೇಳಿಕೊಳ್ಳುವಂತಾದದ್ದು ಆ ಸಭೆಯಿಂದ.

ಪೂಜ್ಯರಾದ ಚಿಕ್ಕಣ್ಣನವರಿಗೆ ದೇವರು ತುಂಬು ಆಯುಸ್ಸನ್ನೂ ಆರೋಗ್ಯವನ್ನೂ ಕೊಡಲಿ. ಅವರಿಗೆ ಬಿಡುವು ಕೊಡುವ ಮನಸ್ಸು ಮಾತ್ರ ನಮಗಿಲ್ಲ. ಇನ್ನು ಯಾವ ಉಪಕರಣ ಬದಲಾದರೂ ಕೊನೆಯ ಮನೆಗೆ ನಾನು ಹೋಗುತ್ತೇನೆ, ಲಕ್ಷ್ಮಮ್ಮನವರ ಮಜ್ಜಿಗೆ ನನ್ನ ಪಾಲಿಗಿರಲಿ. ಮೊದಲ ಮನೆಯನ್ನು ನೋಡಿಕೊಳ್ಳುವ ಕೆಲಸ ಅವರದು. ಚಿನ್ನಕ್ಕನ ಪಕ್ಕದಲ್ಲಿ ಕುಳಿತು ಬಹುಕಾಲ ಟಿವಿ ನೋಡುತ್ತಿರಲಿ, ಚಿತ್ರ ನಿಂತರೆ ಕೂಡಲೇ ಫೋನ್ ಮಾಡಲಿ. ಬಾಕ್ಸ್ ಸರಿಯಿಲ್ಲವೆಂದು ನಾನು ಹೇಳುವುದಿಲ್ಲ. ಮೀಟರ್ ಹಿಡಿದುಕೊಂಡು ಬರುತ್ತೇನೆ.