ಕರಂತಿತಾದ ಮೊದಲ ತುಂಡು

ಕಡಲತೀರದ ಓರಾನ್ ಪಟ್ಟಣದ ಮದೀನಾ ಜದೀದಾ ಎಂಬ ಸಂತೆಬೀದಿಯಲ್ಲಿ ಬೆನಾವ್ದಾನ ಕರಂತಿತಾ ತಿನ್ನಬೇಕಾದರೆ ಮೊದಲು ಬೈಸಿಕೊಳ್ಳಬೇಕು. ಕಡಲೆಹಿಟ್ಟಿನ ಆ ಬಿಸಿ ತುಂಡನ್ನು ಅವನು ಉದ್ದ ಬ್ರೆಡ್ಡಿನ ಹೊಟ್ಟೆ ಸೀಳಿ ತುರುಕುವಾಗ ಗಿರಾಕಿ ‘ಜೀರಿಗೆ ಸ್ವಲ್ಪ ಕಮ್ಮಿ’ ಎಂದನೋ, ಅವನ ಕಥೆ ಮುಗಿಯಿತು. ಚೀಸ್ ಕೇಳಿದ ಒಬ್ಬ ಪುಣ್ಯಾತ್ಮನಿಗೆ ಸೀದಾ ಆಸ್ಪತ್ರೆಯ ದಾರಿ ತೋರಿಸಿದ್ದ. ಅರವತ್ತೆಂಟು ದಾಟಿದ ಈ ಮನುಷ್ಯ ಮೆಕ್ಕಾದ ಕಡೆ ಮುಖ ಮಾಡಿದ್ದಾನೆಯೇ ಹೊರತು ಅಲ್ಲಿ ಕಾಲಿಟ್ಟವನಲ್ಲ. ಆದರೂ ಬಿಳಿ ಗಡ್ಡಕ್ಕೆ ಮರ್ಯಾದೆ ಕೊಟ್ಟು ಎಲ್ಲರೂ ಎದುರಿಗೆ ಹಾಜಿ ಎನ್ನುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರೋ, ಅದನ್ನು ಬರೆಯುವಂತಿಲ್ಲ.

ಪಕ್ಕದಲ್ಲೇ ಮೀಲೂದನ ನಿಂಬೆ ಪಾನಕದ ಗಾಡಿ. ಒಂಬತ್ತು ವರ್ಷದ ಹಿಂದೆ ಒಂದು ಮಾರು ನೆರಳಿಗಾಗಿ ಇಬ್ಬರೂ ಕಚ್ಚಾಡಿ ಮಾತು ಬಿಟ್ಟಿದ್ದರು. ಆದರೆ ಒಲೆಯಿಂದ ಇಳಿದ ಮೊದಲ ತುಂಡನ್ನು ಮಾರಬಾರದು, ಪಕ್ಕದವನಿಗೆ ಕೊಡಬೇಕು ಎಂಬುದು ಬೆನಾವ್ದಾನ ಅಪ್ಪನ ಕಾಲದ ಪದ್ಧತಿ. ತಪ್ಪಿದರೆ ಒಲೆಯ ಬರಕತ್, ಅದರ ಏಳಿಗೆಯೇ, ಹೋಗುತ್ತದೆ. ಪಕ್ಕದವನು ಶತ್ರುವಾದರೆ ಏನು ಗತಿ ಎಂದು ಅಪ್ಪ ಹೇಳಿರಲಿಲ್ಲ. ಹಾಗಾಗಿ ಬೆನಾವ್ದಾ ದಿನಾ ಬೆಳಿಗ್ಗೆ ತುಂಡನ್ನು ನಡುವಿನ ಕಟ್ಟೆಯ ಮೇಲೆ ಬೆಕ್ಕಿಗೆ ಇಟ್ಟಂತೆ ಇಡುತ್ತಿದ್ದ. ಮೀಲೂದನೂ ಬೆಕ್ಕಿಗಿರುವಷ್ಟೇ ಕೃತಜ್ಞತೆಯಿಂದ ತಿನ್ನುತ್ತಿದ್ದ.

ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಜ್ವರ ಬಂದು ಬೆನಾವ್ದಾನ ನಾಲಿಗೆಯ ರುಚಿ ಹೋಯಿತು. ಮೊದಲು ಮೂರು ದಿನ ಹೆಂಡತಿ ಝುಲಿಖಾಳಿಗೆ, ಇದೇನು ಕಾಫಿಯೋ ಕಲಗಚ್ಚೋ ಎಂದು ಬೈದ. ನಾಲ್ಕನೆಯ ದಿನ ಒಂದು ಚಮಚ ಮೆಣಸಿನ ಚಟ್ನಿ ಬಾಯಿಗೆ ಹಾಕಿಕೊಂಡ. ಉರಿ ಹತ್ತಿತು, ರುಚಿ ಹತ್ತಲಿಲ್ಲ. ಆಗ ಅವನಿಗೆ ನಿಜಕ್ಕೂ ಭಯವಾಯಿತು. ನಲವತ್ತು ವರ್ಷ ಊರಿನವರ ಅಡುಗೆಯನ್ನೆಲ್ಲ, ಝುಲಿಖಾಳದ್ದನ್ನೂ ಸೇರಿಸಿ, ಹೀಯಾಳಿಸಿಕೊಂಡು ಬಂದವನು ಅವನು. ನಾಲಿಗೆ ಸತ್ತಿದೆ ಎಂದು ತಿಳಿದರೆ ಜನ ಸುಮ್ಮನೆ ಬಿಡುವರೇ? ಅದಕ್ಕೇ ಯಾರಿಗೂ, ಹೆಂಡತಿಗೂ ಹೇಳಲಿಲ್ಲ.

ಅಂಗಡಿ ನಡೆದದ್ದು ಮೀಲೂದನ ಮುಖ ನೋಡಿಕೊಂಡು. ಮೊದಲು ಒಂದು ಸಣ್ಣ ತಟ್ಟೆಯಷ್ಟು ಹಿಟ್ಟನ್ನು ಬೇಯಿಸಿ ಕಟ್ಟೆಯ ಮೇಲಿಡುವುದು, ಆಮೇಲೆ ಕಳ್ಳಗಣ್ಣಿನಿಂದ ನೋಡುವುದು. ಮೀಲೂದನ ಹುಬ್ಬು ಏರಿದರೆ ಉಪ್ಪು ಸಾಲದು. ತನ್ನದೇ ಪಾನಕ ಎತ್ತಿ ಕುಡಿದರೆ ಉಪ್ಪು ಹೆಚ್ಚು. ಸುಮ್ಮನೆ ಅಗಿದು ನುಂಗಿದರೆ ಸರಿಯಾಗಿದೆ. ಬಕೆಟ್ಟಿನಲ್ಲಿ ಉಳಿದ ಹಿಟ್ಟನ್ನು ಅದಕ್ಕೆ ತಕ್ಕಂತೆ ತಿದ್ದುವುದು.

ಒಂದು ಶನಿವಾರ ಮೀಲೂದನ ಗಾಡಿ ಬರಲಿಲ್ಲ. ಭಾನುವಾರವೂ ಇಲ್ಲ, ಸೋಮವಾರವೂ ಇಲ್ಲ. ಬೆನಾವ್ದಾ ಕೈಯಂದಾಜಿಗೆ ಉಪ್ಪು ಸುರಿದ. ಗಿರಾಕಿಗಳು ಬೈಗುಳಕ್ಕೆ ಹೆದರಿ ತುಟಿಪಿಟಕ್ಕೆನ್ನದೆ ತಿಂದು, ನೀರು ಹುಡುಕಿಕೊಂಡು ಓಡಿದರು. ಕೊನೆಗೆ ಬಾಯಿ ಬಿಟ್ಟವಳು ಸೆತ್ತಿ. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಹೆದರಿಸಿ ನಿವೃತ್ತಳಾದ ಹೆಂಗಸು ಅವಳು.

“ಹಾಜಿ, ಸಮುದ್ರ ಇಲ್ಲೇ ಕೆಳಗಿದೆ. ಅದನ್ನ ಹೊತ್ಕೊಂಡು ಬಂದು ಬ್ರೆಡ್ಡಿಗೆ ಯಾಕೆ ತುಂಬ್ತೀರಿ?”

ಜೀವಮಾನದಲ್ಲಿ ಮೊದಲ ಸಲ ಬೆನಾವ್ದಾ ಗಿರಾಕಿಗೆ ದುಡ್ಡು ವಾಪಸು ಕೊಟ್ಟ.

ಮರುದಿನ ಅವನು ಒಂದು ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಮೀಲೂದನ ಮನೆಯ ನಾಲ್ಕು ಮಹಡಿ ಹತ್ತಿದ. ಮೀಲೂದ ಮಲಗಿದ್ದ. ರಕ್ತದೊತ್ತಡ ಏರಿ ಗಾಡಿ ತಳ್ಳುವಾಗಲೇ ಬಿದ್ದಿದ್ದನಂತೆ. ಪೊಟ್ಟಣ ಕಂಡದ್ದೇ ಅವನ ಹೆಂಡತಿ ಯಮೀನಾ ರೇಗಿದಳು. ಉಪ್ಪು ಮುಟ್ಟಬೇಡಿ ಎಂದು ಡಾಕ್ಟರು ಎರಡು ವರ್ಷದಿಂದ ಬಡಿದುಕೊಳ್ಳುತ್ತಿದ್ದಾರೆ, ಮನೆಯಲ್ಲಿ ಚಪ್ಪೆ ಸಾರು ಕುಡಿಸಿ ಕಳಿಸಿದರೆ ಬೀದಿಯಲ್ಲಿ ಇದನ್ನು ಮುಕ್ಕುತ್ತಾರೆ ಎಂದು ಇಬ್ಬರಿಗೂ ಸೇರಿಸಿ ಮಂಗಳಾರತಿ ಮಾಡಿ ಒಳಗೆ ಹೋದಳು.

ಬೆನಾವ್ದಾ ಒಂಬತ್ತು ವರ್ಷದ ನಂತರ ಮೀಲೂದನೆದುರು ಬಾಯಿ ತೆರೆದ. “ತಿನ್ನಬಾರದು ಅಂತ ಗೊತ್ತಿತ್ತೇನೋ ಕತ್ತೆ?”

“ಗೊತ್ತಿತ್ತು.”

“ಒಂದು ಚೂರು ಕಚ್ಚಿ ಬಿಸಾಕೋಕೆ ಏನಾಗಿತ್ತು?”

“ಬಿಸಾಕಿದ್ರೆ ನೀನು ಉಪ್ಪು ಜಾಸ್ತಿ ಅನ್ಕೊಂಡು ಬಕೆಟ್ಟಿಗೆ ನೀರು ಸುರೀತಿದ್ದೆ. ಊರಿಗೆಲ್ಲ ಗಂಜಿ ಕುಡಿಸ್ತಿದ್ದೆ.” ಮೀಲೂದ ಗೋಡೆಯ ಕಡೆ ನೋಡಿದ. “ಏಳು ವರ್ಷ ನನ್ನ ಮುಖ ನೋಡದೇ ಇದ್ದವನು, ಆ ಜ್ವರ ಬಂದು ಹೋದ್ಮೇಲೆ ದಿನಾ ನೋಡೋಕೆ ಶುರು ಮಾಡ್ದೆ. ನಾನೇನು ಮದುವೆ ಹೆಣ್ಣಾ? ಅರ್ಥ ಆಯ್ತು.”

ಬೆನಾವ್ದಾ ಪೊಟ್ಟಣವನ್ನು ಜೇಬಿಗೆ ತುರುಕಿಕೊಂಡು ಎದ್ದ. ಮೀಲೂದ ಹಿಂದಿನಿಂದ ಹೇಳಿದ, “ಉಪವಾಸದ ತಿಂಗಳಲ್ಲಿ ಹೆಂಗಸರು ಸಾರಿನ ಉಪ್ಪು ಹೇಗೆ ನೋಡ್ತಾರೆ? ನಾಲಿಗೆ ತುದಿಗೆ ಮುಟ್ಟಿಸಿ ಉಗೀತಾರೆ. ನಾನೂ ಹಾಗೇ ಮಾಡ್ತೀನಿ.”

ಹತ್ತು ದಿನದ ನಂತರ ಗಾಡಿ ಮತ್ತೆ ಬಂತು. ಹಿಟ್ಟು ಸಣ್ಣ ತಟ್ಟೆಯಲ್ಲಿ ಬೆಂದಿತು, ತುಂಡು ಕಟ್ಟೆಯ ಮೇಲೆ ಕೂತಿತು. ಬೆಳಗಿನ ಸಾಲು ಕಣ್ಣುಬಿಟ್ಟುಕೊಂಡು ನೋಡುತ್ತಿರುವಾಗಲೇ ಮೀಲೂದ ಒಂದು ಚೂರು ಬಾಯಿಗಿಟ್ಟು, ಕ್ಯಾಕರಿಸಿ, ಮೋರಿಗೆ ಉಗಿದ.

ಸಾಲಿನಲ್ಲಿದ್ದ ಸೆತ್ತಿ ಕೇಳಿದಳು, “ಹಾಜಿ, ನಿಮ್ಮ ಕರಂತಿತಾನ ಉಗಿದ್ರೂ ಸುಮ್ನಿದೀರಲ್ಲ?”

ಈಗ ಬಾಯಿಬಿಟ್ಟರೆ ಮಧ್ಯಾಹ್ನದೊಳಗೆ ಝುಲಿಖಾಳ ಕಿವಿಗೂ ಬೀಳುತ್ತದೆ, ಸಾಯುವವರೆಗೆ ತನಗೆ ಬಿಡುಗಡೆಯಿಲ್ಲ ಎಂದು ಬೆನಾವ್ದಾನಿಗೆ ಗೊತ್ತಿತ್ತು. ಬಾಯಿಮುಚ್ಚಿಕೊಂಡಿದ್ದರೆ ಮೀಲೂದನೇ ಕೆಟ್ಟವನಾಗುತ್ತಾನೆ.

“ನನಗೆ ರುಚಿ ಗೊತ್ತಾಗಲ್ಲಮ್ಮ. ಎರಡು ವರ್ಷ ಆಯ್ತು,” ಎಂದ. “ಇಷ್ಟು ದಿನ ನೀವೆಲ್ಲ ತಿಂದಿದ್ದು ಅವನ ನಾಲಿಗೆ ನಂಬ್ಕೊಂಡು.”

ಯಾರೂ ನಗಲಿಲ್ಲ. ಮೀಲೂದ ಬಾಯಿ ಮುಕ್ಕಳಿಸಿ, ಇನ್ನೊಂದು ಚಿಟಿಕೆ ಉಪ್ಪು ಹಾಕು ಎಂದ. ಬೆನಾವ್ದಾ ಎಲ್ಲರೆದುರಿಗೇ ಹಾಕಿದ.